ಉಪ್ಪಾಗೆ ಯಾವಾಗಿನಿಂದ ಬೊಜ್ಜಿನ ಮದ್ದಾಯಿತು?

ಪ್ರಶ್ನೆ – ಸಿದ್ದಾಪುರದವಳು

ಎಲ್ಲರಿಗೂ ನಮಸ್ಕಾರ. ಸಿದ್ದಾಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಹುಟ್ಟಿ ಬೆಳೆದ ನಾನು ಇಪ್ಪತ್ತು ವರ್ಷಗಳಿಂದ ಬೆಂಗಳೂರಿನಲ್ಲಿ ಶಿಕ್ಷಕಿಯಾಗಿದ್ದೇನೆ. ನನ್ನ ತಂಗಿ ಅಮೆರಿಕದ ನ್ಯೂಜೆರ್ಸಿಯಲ್ಲಿ ನೆಲೆಸಿದ್ದಾಳೆ. ಕಳೆದ ವಾರ ಅವಳು ಒಂದು ಡಬ್ಬಿಯ ಚಿತ್ರ ಕಳುಹಿಸಿ, ತೂಕ ಇಳಿಸಿಕೊಳ್ಳಲು ಎರಡು ತಿಂಗಳಿಂದ ಅದರೊಳಗಿನ ಕ್ಯಾಪ್ಸೂಲ್ ನುಂಗುತ್ತಿರುವುದಾಗಿಯೂ, ನಮ್ಮ ಕಡೆಯದೇ ಗಿಡಮೂಲಿಕೆಯಾದ್ದರಿಂದ ನಾನೂ ಹೆದರದೆ ತೆಗೆದುಕೊಳ್ಳಬಹುದೆಂದೂ ತಿಳಿಸಿದಳು. ಡಬ್ಬಿಯ ಮೇಲೆ ಗಾರ್ಸಿನಿಯಾ ಕಾಂಬೋಜಿಯಾ ಎಂಬ ಹೆಸರಿತ್ತು. ಅದರ ಕೆಳಗೆ, ಇದು ಭಾರತದಲ್ಲಿ ಸಾವಿರಾರು ವರ್ಷಗಳಿಂದ ಬಳಕೆಯಲ್ಲಿರುವ ಮೂಲಿಕೆ ಎಂಬ ಅರ್ಥದ ಒಂದು ಸಾಲು. ಹೆಸರು ನನಗೆ ಹೊಸದು. ಆದರೆ ಪಕ್ಕದಲ್ಲಿ ಅಚ್ಚಾಗಿದ್ದ ಹಳದಿ ಹಣ್ಣನ್ನು, ಸಣ್ಣ ಕುಂಬಳಕಾಯಿಯಂತೆ ಸುತ್ತಲೂ ಏಣುಗಳಿರುವ ಅದರ ಆಕಾರವನ್ನು ಕಂಡೊಡನೆ ಗುರುತು ಹತ್ತಿತು. ಅದು ನಮ್ಮ ಉಪ್ಪಾಗೆ.

ನಾನು ಕಂಡ ಉಪ್ಪಾಗೆಗೆ ಎರಡೇ ಕೆಲಸಗಳಿದ್ದವು. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಕುಡಿದು ಕಪ್ಪಾದ ಸಿಪ್ಪೆಯನ್ನು ಹುಣಸೆಹಣ್ಣಿನ ಬದಲಿಗೆ ಅಡುಗೆಗೆ ಹಾಕುತ್ತಿದ್ದರು; ಬೀಜವನ್ನು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲುವ ಜಿಡ್ಡನ್ನು ತೆಗೆದು ತುಪ್ಪ ಮಾಡುತ್ತಿದ್ದರು. ಮಳೆಗಾಲದಲ್ಲಿ ಬಿಸಿ ದೋಸೆಯ ಮೇಲೆ ಆ ಉಪ್ಪಾಗೆ ತುಪ್ಪವನ್ನು ಸವರಿ ಕೊಡುತ್ತಿದ್ದ ನಮ್ಮ ಅಜ್ಜಿ, ಇದನ್ನು ತಿಂದರೆ ಮೈಗೆ ಕಸುವು ಬರುತ್ತದೆ ಎಂದೇ ಹೇಳುತ್ತಿದ್ದರು. ಮೈ ಇಳಿಯುತ್ತದೆ ಎಂಬ ಮಾತನ್ನು ಅವರ ಬಾಯಲ್ಲಾಗಲಿ, ನೆರೆಹೊರೆಯವರ ಬಾಯಲ್ಲಾಗಲಿ ನಾನು ಕೇಳಿದ್ದಿಲ್ಲ.

ಹಾಗಾದರೆ ಈ ಸಾವಿರಾರು ವರ್ಷಗಳ ಪರಂಪರೆ ಎಲ್ಲಿಯದು? ನಮಗೆ ತಿಳಿಯದ ಬಳಕೆಯೊಂದು ಗ್ರಂಥಗಳಲ್ಲಿ ಇದ್ದಿರಬಹುದೇ, ಅಥವಾ ಹುಳಿಗೆ ಹಾಕುವ ಸಿಪ್ಪೆಯನ್ನು ಯಾರೋ ನಡುವೆ ಮದ್ದಾಗಿ ಮಾಡಿದರೇ? ತಂಗಿಯು ಸಕ್ಕರೆ ಕಾಯಿಲೆಗೆ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿರುವುದರಿಂದ ನನ್ನ ಪ್ರಶ್ನೆ ಕೇವಲ ಕುತೂಹಲದ್ದಲ್ಲ. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ – ಶಿರಸಿ ಸೀಮೆಯ ಕೃಷಿಕ

ನಿಮ್ಮ ಅಜ್ಜಿ ಹೇಳದಿದ್ದ ಮಾತನ್ನು ನಮ್ಮ ಊರಿನಲ್ಲಿಯೂ ಯಾರೂ ಹೇಳಿರಲಿಲ್ಲ. ಮದ್ದೆಂದರೆ, ದನಗಳಿಗೆ ಬಾಯಿಬೇನೆ ಬಂದಾಗ ಸಿಪ್ಪೆಯ ಕಷಾಯದಲ್ಲಿ ಬಾಯಿ ತೊಳೆಸುವುದು, ಚಳಿಗೆ ಒಡೆದ ಹಿಮ್ಮಡಿಗೆ ತುಪ್ಪ ಹಚ್ಚುವುದು, ಇಷ್ಟೇ. ಬೊಜ್ಜು ಕರಗಿಸುವ ವಿಚಾರವನ್ನು ನಮಗೆ ಮೊದಲು ತಿಳಿಸಿದವರು ವೈದ್ಯರಲ್ಲ, ವ್ಯಾಪಾರಿಗಳು.

1990ರ ದಶಕದ ಆರಂಭದವರೆಗೆ ಉಪ್ಪಾಗೆ ಸಿಪ್ಪೆ ಕೇರಳದ ಕಡೆಗೆ ಮೀನಿನ ಸಾರಿನ ಹುಳಿಯಾಗಿ ಹೋಗುತ್ತಿದ್ದ ಸಾಧಾರಣ ಸರಕಾಗಿತ್ತು. ಅನಂತರ ಇದ್ದಕ್ಕಿದ್ದಂತೆ ಅದಕ್ಕೆ ಬೆಲೆ ಏರಿತು. ವಿದೇಶದಲ್ಲಿ ಇದರಿಂದ ಔಷಧ ತಯಾರಿಸುತ್ತಾರಂತೆ ಎಂಬ ಸುದ್ದಿ ಹಬ್ಬಿದ್ದೇ ತಡ, ಅದುವರೆಗೆ ಉಪ್ಪಾಗೆ ಮರದ ಕಡೆಗೆ ಕಣ್ಣೆತ್ತಿ ನೋಡದವರೂ ದೋಟಿ ಹಿಡಿದು ಕಾಡಿಗೆ ನಡೆದರು. ಕಾಡಿನ ಹಣ್ಣು ಸಂಗ್ರಹಿಸುವ ಹಕ್ಕನ್ನು ಅರಣ್ಯ ಇಲಾಖೆ ಟೆಂಡರಿನಲ್ಲಿ ಗುತ್ತಿಗೆದಾರರಿಗೆ ಕೊಡುತ್ತಿತ್ತು. ಗುತ್ತಿಗೆದಾರರು ಹಳ್ಳಿಯವರಿಂದ ಸಿಪ್ಪೆಯನ್ನು ಕೊಳ್ಳುತ್ತಿದ್ದರು. ಮರ ಯಾರದೂ ಅಲ್ಲದ ಕಾರಣ, ಹಣ್ಣಾಗುವ ತನಕ ಕಾದವನಿಗೆ ಏನೂ ಉಳಿಯುತ್ತಿರಲಿಲ್ಲ. ಆದ್ದರಿಂದ ಬಲಿಯದ ಕಾಯಿಯನ್ನೇ ಉದುರಿಸಿದರು, ಕೊಂಬೆ ಕಡಿದು ಕೆಳಗೆ ಹಾಕಿ ಕೊಯ್ದರು. ಅದೇ ಸಮಯದಲ್ಲಿ ಅಡಿಕೆ ತೋಟಕ್ಕೆ ಹೊಂದಿಕೊಂಡ ಸೊಪ್ಪಿನಬೆಟ್ಟಗಳಲ್ಲಿ, ಅಂದರೆ ಸೊಪ್ಪು ತರಲು ತೋಟದವನಿಗೆ ಬಿಟ್ಟುಕೊಟ್ಟ ಕಾಡಿನಲ್ಲಿ, ಮರಗಳು ಬಹುಮಟ್ಟಿಗೆ ಸುರಕ್ಷಿತವಾಗಿದ್ದವು. ಏಕೆಂದರೆ ಅಲ್ಲಿ ಮುಂದಿನ ವರ್ಷವೂ ಅದೇ ಮರದಿಂದ ತಾನೇ ಕೊಯ್ಯುವೆನೆಂಬ ಭರವಸೆ ಬೆಟ್ಟದವನಿಗಿತ್ತು. ಮೂಲಿಕೆಗೆ ಬೇಡಿಕೆ ಬಂದರೆ ಕಾಡು ನಾಶವಾಗುತ್ತದೆ ಎಂದು ಸಾರಾಸಗಟಾಗಿ ಹೇಳುವವರು ಈ ವ್ಯತ್ಯಾಸವನ್ನು ಗಮನಿಸಬೇಕೆಂದು ನನ್ನ ಅಭಿಪ್ರಾಯ.

ಇನ್ನೊಂದು ಸಂಗತಿ ಪೇಟೆಯವರ ಲಕ್ಷ್ಯಕ್ಕೆ ಬರುವುದಿಲ್ಲ. ಉಪ್ಪಾಗೆ ಹಣ್ಣಾಗುವುದು ಜೂನ್‌ನಿಂದ ಆಗಸ್ಟ್‌ವರೆಗೆ, ಅಂದರೆ ಘಟ್ಟದ ಮೇಲೆ ಬಿಸಿಲೇ ಕಾಣದ ತಿಂಗಳುಗಳಲ್ಲಿ. ಮನೆಯ ಬಳಕೆಗೆ ಬೇಕಾದ ನಾಲ್ಕು ಸೇರು ಸಿಪ್ಪೆಗೆ ಅಡುಗೆ ಒಲೆಯ ಹೊಗೆ ಸಾಕಾಗುತ್ತಿತ್ತು. ಕ್ವಿಂಟಲ್‌ಗಟ್ಟಲೆ ಸಿಪ್ಪೆ ಒಣಗಬೇಕಾದಾಗ ಹಗಲೂ ರಾತ್ರಿ ಬೆಂಕಿ ಉರಿಸಬೇಕಾಯಿತು. ಆ ಸೌದೆಯೂ ಅದೇ ಕಾಡಿನದು. ಸೌದೆ ಕಡಿಮೆ ಬೇಡುವ ಸುಧಾರಿತ ಒಲೆಗಳು ಬಂದದ್ದು ಅನಂತರ. ಅಘನಾಶಿನಿ ಕೊಳ್ಳದ ಸಿಂಗಳೀಕಗಳಿಗೂ ಈ ಹಣ್ಣು ಆಹಾರ. 2011ರಲ್ಲಿ ಅಲ್ಲಿ ಸಿಂಗಳೀಕ ಸಂರಕ್ಷಿತ ಪ್ರದೇಶವನ್ನು ಘೋಷಿಸುವ ಹೊತ್ತಿಗೆ, ಮನುಷ್ಯರೂ ಮಂಗಗಳೂ ಒಂದೇ ಮರಕ್ಕೆ ಪೈಪೋಟಿ ನಡೆಸುವುದು ನಮಗೆ ರೂಢಿಯಾಗಿಬಿಟ್ಟಿತ್ತು.

ಏರಿದ ಬೆಲೆ ಬಹಳ ವರ್ಷ ನಿಲ್ಲಲಿಲ್ಲ. ಬೇಡಿಕೆ ಏಕೆ ಬಂತೆಂದು ತಿಳಿಯದ ನಮಗೆ ಅದು ಏಕೆ ಇಳಿಯಿತೆಂಬುದೂ ತಿಳಿಯಲಿಲ್ಲ. ಆ ಭಾಗವನ್ನು ಓದಿದವರು ಯಾರಾದರೂ ಬರೆಯಲಿ.

ಉತ್ತರ – ಮೈಸೂರಿನ ಜೀವರಸಾಯನ ಅಧ್ಯಾಪಕ

ಆ ಭಾಗ ನಮ್ಮ ಮೈಸೂರಿನಿಂದಲೇ ಆರಂಭವಾಗುತ್ತದೆ.

ಉಪ್ಪಾಗೆಯ ಹುಳಿಗೆ ಕಾರಣವಾದ ಆಮ್ಲ ಯಾವುದೆಂಬ ಬಗ್ಗೆ ಬಹುಕಾಲ ಗೊಂದಲವಿತ್ತು. ಸಿಟ್ರಿಕ್ ಆಮ್ಲವೆಂದೂ ಟಾರ್ಟಾರಿಕ್ ಆಮ್ಲವೆಂದೂ ಭಾವಿಸಿದ್ದರು. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ವೈ. ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ ಅವರು 1965ರಲ್ಲಿ ಅದು ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು ತೋರಿಸಿಕೊಟ್ಟರು. ಒಣ ಸಿಪ್ಪೆಯಲ್ಲಿ ಇದರ ಪ್ರಮಾಣ ಶೇಕಡ 10ರಿಂದ 30ರಷ್ಟಿರುತ್ತದೆ. ಅವರು ಹೊರಟದ್ದು ಹುಳಿಯ ರಸಾಯನವನ್ನು ತಿಳಿಯಲು. ಬೊಜ್ಜಿನ ಪ್ರಸ್ತಾಪ ಆಗ ಇರಲಿಲ್ಲ.

ಮುಂದಿನ ಹೆಜ್ಜೆ ಇಟ್ಟವರು ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದ ಜಾನ್ ಲೋವೆನ್‌ಸ್ಟೈನ್ ಮತ್ತು ಅವರ ಸಂಗಡಿಗರು. ನಾವು ಉಂಡ ಪಿಷ್ಟವು ದೇಹದಲ್ಲಿ ಕೊಬ್ಬಾಗಿ ಮಾರ್ಪಡಬೇಕಾದರೆ, ನಡುವೆ ಸಿಟ್ರೇಟ್ ಎಂಬ ಪದಾರ್ಥವನ್ನು ಒಂದು ಕಿಣ್ವ ಸೀಳಬೇಕು. ಹೈಡ್ರಾಕ್ಸಿಸಿಟ್ರಿಕ್ ಆಮ್ಲವು ನೋಡಲು ಸಿಟ್ರೇಟ್‌ನಂತೆಯೇ ಇರುವುದರಿಂದ, ಬೀಗಕ್ಕೆ ಹೊಂದಿದರೂ ತಿರುಗದ ಕೀಲಿಕೈಯಂತೆ ಆ ಕಿಣ್ವದಲ್ಲಿ ಸಿಕ್ಕಿಕೊಂಡು ಅದರ ಕೆಲಸವನ್ನು ತಡೆಯುತ್ತದೆಯೆಂದು ಅವರು 1969ರಲ್ಲಿ ಪ್ರಕಟಿಸಿದರು. ಬೊಜ್ಜಿನ ಚಿಕಿತ್ಸೆಗೆ ಇದನ್ನು ಬಳಸುವ ವಿಧಾನಕ್ಕೆ ಲೋವೆನ್‌ಸ್ಟೈನ್ 1973ರಲ್ಲಿ ಪೇಟೆಂಟ್ ಪಡೆದರು. ಅದೇ ದಶಕದಲ್ಲಿ ಹಾಫ್‌ಮನ್ ಲಾ ರೋಶ್ ಕಂಪನಿಯ ಸಂಶೋಧಕರು ಇಲಿಗಳಿಗೆ ಇದನ್ನು ಉಣಿಸಿ, ಅವು ತಿನ್ನುವುದೂ ಕೊಬ್ಬು ಕೂಡಿಸುವುದೂ ಕಡಿಮೆಯಾದದ್ದನ್ನು ಕಂಡರು. ಆ ಪ್ರಯೋಗಾಲಯ ಇದ್ದದ್ದು ನ್ಯೂಜೆರ್ಸಿಯ ನಟ್ಲಿಯಲ್ಲಿ. ತಮ್ಮ ತಂಗಿಯವರ ಡಬ್ಬಿಯೊಳಗಿನ ವಸ್ತುವಿನ ಪೂರ್ವಿಕರು ಸಿದ್ದಾಪುರಕ್ಕಿಂತ ಅವರ ಈಗಿನ ಮನೆಗೇ ಹತ್ತಿರದವರು ಎನ್ನಬೇಕು.

ಆದರೆ ಇಲಿಗಳಿಗೆ ಕೊಟ್ಟದ್ದು ಸಕ್ಕರೆ ಹೆಚ್ಚಾಗಿರುವ ಆಹಾರ. ಸಾಮಾನ್ಯ ಮಿಶ್ರ ಊಟ ಮಾಡುವ ಮನುಷ್ಯನ ದೇಹದಲ್ಲಿ ಪಿಷ್ಟದಿಂದ ಹೊಸದಾಗಿ ತಯಾರಾಗುವ ಕೊಬ್ಬು ಅತ್ಯಲ್ಪ. ನಮ್ಮ ಹೊಟ್ಟೆಯ ಸುತ್ತ ಕೂಡುವುದು ಹೆಚ್ಚಾಗಿ ನಾವು ತಿಂದ ಎಣ್ಣೆ ತುಪ್ಪಗಳದೇ ಕೊಬ್ಬು. ಆದಕಾರಣ, ಕಿಣ್ವವನ್ನು ತಡೆದರೂ ಮನುಷ್ಯನಲ್ಲಿ ದೊಡ್ಡ ಲಾಭವನ್ನು ನಿರೀಕ್ಷಿಸಲು ಆಧಾರ ದುರ್ಬಲವಾಗಿತ್ತು.

ಔಷಧವಾಗಿ ಮಾರುಕಟ್ಟೆಗೆ ಬರಬೇಕಾಗಿದ್ದರೆ ಇದು ಅಲ್ಲಿಗೇ ನಿಲ್ಲುತ್ತಿತ್ತೇನೋ. ಬಾಗಿಲು ತೆರೆದದ್ದು ಅಮೆರಿಕವು 1994ರಲ್ಲಿ ಜಾರಿಗೆ ತಂದ ಆಹಾರ ಪೂರಕಗಳ ಕಾನೂನು. ಅದರ ಪ್ರಕಾರ ಗಿಡಮೂಲಿಕೆಯ ಪೂರಕವನ್ನು ಮಾರುವ ಮೊದಲು ಅದರಿಂದ ಗುಣವಿದೆಯೆಂದು ಸರಕಾರದ ಮುಂದೆ ಸಾಬೀತುಪಡಿಸಿ ತೋರಿಸುವ ಅಗತ್ಯವಿಲ್ಲ. ಶಿರಸಿಯ ಮಹನೀಯರು ಹೇಳಿದ ಬೆಲೆಯೇರಿಕೆಯನ್ನೂ ಈ ವರ್ಷವನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಬಹುದು. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಸ್ಟೀವನ್ ಹೇಮ್ಸ್‌ಫೀಲ್ಡ್ ಮತ್ತು ಸಂಗಡಿಗರ ಪರೀಕ್ಷೆ ಪ್ರಕಟವಾಯಿತು. ತೂಕ ಹೆಚ್ಚಾಗಿದ್ದ 135 ಮಂದಿಯನ್ನು ಎರಡು ಗುಂಪು ಮಾಡಿ, ಇಬ್ಬರಿಗೂ ಮಿತ ಆಹಾರ ವಿಧಿಸಿ, ಒಂದು ಗುಂಪಿಗೆ ದಿನಕ್ಕೆ 1500 ಮಿಲಿಗ್ರಾಂ ಹೈಡ್ರಾಕ್ಸಿಸಿಟ್ರಿಕ್ ಆಮ್ಲವನ್ನೂ ಇನ್ನೊಂದಕ್ಕೆ ಮದ್ದಿಲ್ಲದ ಹುಸಿ ಗುಳಿಗೆಯನ್ನೂ 12 ವಾರ ಕೊಟ್ಟರು. ಉಪ್ಪಾಗೆಯವರು ಸರಾಸರಿ 3.2 ಕಿಲೋ ಇಳಿದರು. ಹುಸಿ ಗುಳಿಗೆಯವರು 4.1 ಕಿಲೋ ಇಳಿದರು. ವ್ಯತ್ಯಾಸ ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಗಣನೀಯವಲ್ಲ, ಅಂದರೆ ಇಳಿಸಿದ್ದು ಪಥ್ಯವೇ ಹೊರತು ಗುಳಿಗೆಯಲ್ಲ.

ಇದಾದ ಮೇಲೆಯೂ ಜನಪ್ರಿಯತೆ ಮತ್ತೆ ಏರಿದ್ದು ವೈದ್ಯ ಮೆಹ್ಮೆಟ್ ಓಜ್ ಅವರು 2012ರಲ್ಲಿ ತಮ್ಮ ದೂರದರ್ಶನ ಕಾರ್ಯಕ್ರಮದಲ್ಲಿ ಇದನ್ನು ಹೊಗಳಿದಾಗ. ಅಂಥ ಹೊಗಳಿಕೆಗಳಿಗಾಗಿ 2014ರಲ್ಲಿ ಅಮೆರಿಕದ ಸೆನೆಟ್ ಉಪಸಮಿತಿಯ ಮುಂದೆ ಅವರು ಕಟುವಾದ ಪ್ರಶ್ನೆಗಳನ್ನು ಎದುರಿಸಬೇಕಾಯಿತು.

ತಮ್ಮ ತಂಗಿಯವರ ವಿಷಯದಲ್ಲಿ ಮುಖ್ಯವಾದದ್ದು ಯಕೃತ್ತು. ಔಷಧಗಳಿಂದ ಯಕೃತ್ತಿಗೆ ಆಗುವ ಹಾನಿಯನ್ನು ಅಧ್ಯಯನ ಮಾಡುವ ಅಮೆರಿಕದ ಸಂಶೋಧಕರ ಜಾಲವು ಗಾರ್ಸಿನಿಯಾ ಪೂರಕಗಳಿಗೆ ಸಂಬಂಧಿಸಿದ 22 ಪ್ರಕರಣಗಳನ್ನು 2022ರಲ್ಲಿ ವರದಿ ಮಾಡಿತು. ಒಂದು ನಿರ್ದಿಷ್ಟ ವಂಶವಾಹಿ ಇರುವವರಲ್ಲಿ ಅಪಾಯ ಹೆಚ್ಚೆಂದು ಅದರಲ್ಲಿ ಕಂಡುಬಂದಿದೆ. ಆದರೆ ತನ್ನಲ್ಲಿ ಆ ವಂಶವಾಹಿ ಇದೆಯೇ ಎಂದು ಡಬ್ಬಿ ಕೊಳ್ಳುವವರು ಯಾರು ಪರೀಕ್ಷಿಸಿಕೊಂಡಿರುತ್ತಾರೆ? ಇಂಥ ಘಟನೆಗಳು ವಿರಳ, ನಿಜ. ಆದರೂ ಲಾಭವೇ ಸಾಬೀತಾಗದ ವಸ್ತುವಿಗಾಗಿ ವಿರಳ ಅಪಾಯವನ್ನಾದರೂ ಏಕೆ ಹೊರಬೇಕು? ಸಕ್ಕರೆಯ ಮಾತ್ರೆ ತೆಗೆದುಕೊಳ್ಳುವವರು ಇದನ್ನು ತಮ್ಮ ವೈದ್ಯರಿಗೆ ತಿಳಿಸದೆ ಒಂದು ದಿನವೂ ಮುಂದುವರಿಸಬಾರದು. ಮೂತ್ರ ಗಾಢ ಹಳದಿಯಾಗುವುದು, ಕಣ್ಣು ಹಳದಿಯಾಗುವುದು, ಕಾರಣವಿಲ್ಲದ ಸುಸ್ತು, ವಾಕರಿಕೆ ಇವುಗಳಲ್ಲಿ ಯಾವುದು ಕಂಡರೂ ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು.

ಉತ್ತರ – ಕೊಡಗಿನ ಓದುಗ

ನಮ್ಮಲ್ಲಿ ಇದೇ ಹಣ್ಣಿನ ರಸವನ್ನು ಗಂಟೆಗಟ್ಟಲೆ ಕುದಿಸಿ, ಕಪ್ಪಗೆ ಗಟ್ಟಿಯಾಗುವವರೆಗೆ ಬತ್ತಿಸಿ, ಕಾಚಂಪುಳಿ ಮಾಡುತ್ತಾರೆ. ಹಂದಿಮಾಂಸದ ಸಾರಿಗೆ ಅದು ಬೇಕೇ ಬೇಕು. ಆ ಊಟ ಮಾಡಿ ಯಾರಾದರೂ ತೆಳ್ಳಗಾದದ್ದನ್ನು ನಾನು ಈವರೆಗೆ ಕಂಡಿಲ್ಲ. ಇನ್ನೊಂದು ಮಾತು: ಕಾಂಬೋಜಿಯಾ ಎಂಬ ಹೆಸರೇ ತಪ್ಪಿನಿಂದ ಹುಟ್ಟಿದ್ದು. ಡಚ್ ಅಧಿಕಾರಿ ವಾನ್ ರೀಡ್ ಅವರ, ಮಲಬಾರಿನ ಗಿಡಮರಗಳನ್ನು ಕುರಿತ ಹೋರ್ತುಸ್ ಮಲಬಾರಿಕುಸ್ ಗ್ರಂಥದ ಮೊದಲ ಸಂಪುಟದಲ್ಲಿ, 1678ರಲ್ಲೇ, ಈ ಮರವು ಕೊಡಂಪುಳಿ ಎಂಬ ಮಲಯಾಳದ ಹೆಸರಿನಿಂದ ಅಚ್ಚಾಗಿತ್ತು. ಕಾಂಬೋಡಿಯದಿಂದ ಬರುತ್ತಿದ್ದ ಹಳದಿ ಬಣ್ಣದ ಅಂಟು ಈ ಮರದ್ದೇ ಎಂದು ಮುಂದೆ ಯುರೋಪಿನ ಸಸ್ಯಶಾಸ್ತ್ರಜ್ಞರು ಭಾವಿಸಿದ್ದರಿಂದ, ಪಶ್ಚಿಮ ಘಟ್ಟದ ಮರಕ್ಕೆ ಆ ದೇಶದ ಹೆಸರು ಅಂಟಿಕೊಂಡಿತು.

ಉತ್ತರ – ಆಯುರ್ವೇದ ವೈದ್ಯೆ, ಹುಬ್ಬಳ್ಳಿ

ಗ್ರಂಥಗಳಲ್ಲಿ ಇದೆಯೇ ಎಂಬ ಪ್ರಶ್ನೆಗೆ ಉತ್ತರ ಉಳಿದಿರುವುದರಿಂದ ಬರೆಯುತ್ತಿದ್ದೇನೆ.

ಚರಕಸಂಹಿತೆಯಲ್ಲಿ ವೃಕ್ಷಾಮ್ಲ ಎಂಬ ಹುಳಿ ಹಣ್ಣಿನ ಉಲ್ಲೇಖವಿದೆ. ಹೃದಯಕ್ಕೆ ಹಿತವಾದ ಹತ್ತು ದ್ರವ್ಯಗಳ ಗುಂಪಿನಲ್ಲಿ ಮಾವು, ದಾಳಿಂಬೆ, ಮಾದಲ, ಬೋರೆಗಳ ಜೊತೆಗೆ ಅದನ್ನು ಎಣಿಸಿದ್ದಾರೆ. ವೃಕ್ಷಾಮ್ಲವೆಂದರೆ ಮುರುಗಲು, ದಕ್ಷಿಣ ಕನ್ನಡದವರ ಪುನರ್ಪುಳಿ, ಎಂದು ಸಾಮಾನ್ಯವಾಗಿ ಗುರುತಿಸುತ್ತಾರೆ. ಮುರುಗಲು ಉಪ್ಪಾಗೆಯ ದಾಯಾದಿಯೇ ಹೊರತು ಉಪ್ಪಾಗೆಯಲ್ಲ. ಇನ್ನು, ಎರಡೂ ಒಂದೇ ಎಂದು ಒಪ್ಪಿಕೊಂಡರೂ ಡಬ್ಬಿಯವರ ಮಾತು ನಿಲ್ಲುವುದಿಲ್ಲ. ಹುಳಿ ರುಚಿಯ ಕೆಲಸವನ್ನು ವಿವರಿಸುವಾಗ ಚರಕರು, ಅದು ಊಟಕ್ಕೆ ರುಚಿ ಕೊಡುತ್ತದೆ, ಅಗ್ನಿಯನ್ನು ದೀಪಿಸುತ್ತದೆ, ದೇಹವನ್ನು ಬೃಂಹಿಸುತ್ತದೆ ಎನ್ನುತ್ತಾರೆ. ಬೃಂಹಣವೆಂದರೆ ಮೈಗೂಡಿಸುವುದು. ಅದನ್ನೇ ಅತಿಯಾಗಿ ಸೇವಿಸಿದರೆ ಶರೀರ ಸಡಿಲವಾಗುತ್ತದೆಂದೂ ಎಚ್ಚರಿಸಿದ್ದಾರೆ. ಕಸುವು ಬರುತ್ತದೆ ಎಂದ ತಮ್ಮ ಅಜ್ಜಿಯವರು ಶಾಸ್ತ್ರಕ್ಕೆ ಹತ್ತಿರವಾಗಿದ್ದಾರೆ. ಸ್ಥೌಲ್ಯ, ಅಂದರೆ ಬೊಜ್ಜಿನ ಚಿಕಿತ್ಸೆಗೆ ಚರಕರು ಹೇಳುವ ದ್ರವ್ಯಗಳು ಬೇರೆ: ಅಮೃತಬಳ್ಳಿ, ಭದ್ರಮುಷ್ಟಿ, ತ್ರಿಫಲ, ಜೇನು, ಜವೆಗೋಧಿ ಮೊದಲಾದವು, ಅವುಗಳ ಜೊತೆಗೆ ನಡಿಗೆ, ವ್ಯಾಯಾಮ, ನಿದ್ರೆಯ ಮಿತಿ.

ನನ್ನ ಬೇಸರ ಇರುವುದು ಇಲ್ಲಿ. ಮೈಸೂರಿನಲ್ಲಿ ಕಂಡುಹಿಡಿದ, ಅಮೆರಿಕದಲ್ಲಿ ಪರೀಕ್ಷಿಸಿದ, ಸಾರವನ್ನು ಹಿಂಡಿ ಲವಣವಾಗಿ ಮಾಡಿ ಕ್ಯಾಪ್ಸೂಲಿಗೆ ತುಂಬಿದ ಒಂದು ರಾಸಾಯನಿಕವನ್ನು ನಮ್ಮ ಶಾಸ್ತ್ರದ ಹೆಸರಿನಲ್ಲಿ ಮಾರುತ್ತಾರೆ. ಯಾರಿಗಾದರೂ ಯಕೃತ್ತು ಕೆಟ್ಟರೆ ಅಪಕೀರ್ತಿ ಆಯುರ್ವೇದಕ್ಕೆ ಬರುತ್ತದೆ. ಹಾಗೆಂದು ನಮ್ಮವರ ತಪ್ಪೇ ಇಲ್ಲವೆಂದು ನಾನು ಹೇಳಲಾರೆ. ಕೊರೊನಾ ಕಾಲದಲ್ಲಿ ಅಮೃತಬಳ್ಳಿಯ ಕಷಾಯವನ್ನು ಚಹಾದಂತೆ ತಿಂಗಳುಗಟ್ಟಲೆ ಕುಡಿದವರು ಅನೇಕರು. ಅದರಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳನ್ನು ಮುಂಬಯಿಯ ವೈದ್ಯರು 2021ರಲ್ಲಿ ಪ್ರಕಟಿಸಿದಾಗ, ಬಳ್ಳಿಯ ಜಾತಿಯನ್ನು ತಪ್ಪಾಗಿ ಗುರುತಿಸಿರಬಹುದೆಂದು ಆಯುಷ್ ಸಚಿವಾಲಯ ಆಕ್ಷೇಪಿಸಿತು. ಆ ಆಕ್ಷೇಪ ಸರಿಯೆಂದೇ ಇಟ್ಟುಕೊಂಡರೂ, ತಪ್ಪು ಬಳ್ಳಿ ಮನೆಮನೆಗೆ ತಲುಪಿತೆಂಬುದು ಸಮಾಧಾನದ ವಿಷಯವೇನಲ್ಲ. ಇಷ್ಟು ದಿನ, ಇಷ್ಟು ಪ್ರಮಾಣ, ಇಂಥವರಿಗೆ ಎಂದು ಹೇಳುವ ವೈದ್ಯನನ್ನು ಬಿಟ್ಟು ಮೂಲಿಕೆ ಒಂದೇ ಪ್ರಯಾಣ ಮಾಡಿದಾಗ ಆಗುವುದೇ ಇದು.

ಭಾರತದಲ್ಲಿ ಇಂಥ ಡಬ್ಬಿ ಕೊಳ್ಳುವವರು ಒಂದು ಸಂಗತಿಯನ್ನು ನೋಡಬಹುದು. ಆಯುರ್ವೇದ ಔಷಧವಾದರೆ 1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯಿದೆಯ ಪ್ರಕಾರ ಪಡೆದ ತಯಾರಿಕಾ ಪರವಾನಗಿಯ ಸಂಖ್ಯೆ ಅದರ ಮೇಲಿರಬೇಕು. ಅದರ ಬದಲು ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಸಂಖ್ಯೆ ಮಾತ್ರ ಇದ್ದರೆ, ಅದು ಆಹಾರವಾಗಿ ಮಾರಾಟವಾಗುತ್ತಿದೆಯೇ ಹೊರತು ಔಷಧವಾಗಿ ಅಲ್ಲ. ಬೊಜ್ಜನ್ನು ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆ ನಿಷೇಧಿಸಿದೆ. ಅದರ ಅನುಸೂಚಿಯಲ್ಲಿ ಬೊಜ್ಜು ಹೆಸರಿಸಲ್ಪಟ್ಟಿದೆ. ಜಾಹೀರಾತುಗಳು ಮಾತ್ರ ದಿನಾಲೂ ಬರುತ್ತಲೇ ಇವೆ.

ಪ್ರತಿಕ್ರಿಯೆ – ಸಿದ್ದಾಪುರದವಳು

ಎಲ್ಲರಿಗೂ ಕೃತಜ್ಞತೆಗಳು. ಈ ಉತ್ತರಗಳನ್ನು ನಿನ್ನೆ ರಾತ್ರಿ ತಂಗಿಗೆ ಫೋನಿನಲ್ಲಿ ಓದಿ ಹೇಳಿದೆ. 3.2 ಮತ್ತು 4.1ರ ಲೆಕ್ಕಕ್ಕೆ ಅವಳು ಮೊದಲು ನಕ್ಕಳು, ಆಮೇಲೆ ಸುಮ್ಮನಾದಳು. ಎರಡು ವಾರಗಳಿಂದ ವಾಕರಿಕೆ ಇದ್ದದ್ದನ್ನು ಅವಳು ನನಗೆ ಹೇಳಿದ್ದು ಆಗಲೇ. ಕ್ಯಾಪ್ಸೂಲ್ ನಿಲ್ಲಿಸಿ, ಡಬ್ಬಿಯನ್ನೂ ಕೈಯಲ್ಲಿ ಹಿಡಿದುಕೊಂಡು ವೈದ್ಯರಲ್ಲಿಗೆ ಹೋಗಿ ಬಂದಿದ್ದಾಳೆ; ಯಕೃತ್ತಿನ ಪರೀಕ್ಷೆಗೆ ರಕ್ತ ಕೊಟ್ಟಿದ್ದಾಳೆ. ಫಲಿತಾಂಶ ಇನ್ನೂ ಬಂದಿಲ್ಲ.

ಶಿರಸಿಯವರಲ್ಲಿ ಒಂದು ವಿನಂತಿ. ಮಾತಿನ ನಡುವೆ ನಮ್ಮಿಬ್ಬರಿಗೂ ಉಪ್ಪಾಗೆ ತುಪ್ಪದ ನೆನಪಾಯಿತು. ಈಗಲೂ ಯಾರಾದರೂ ಅದನ್ನು ಮಾಡುತ್ತಾರೆಯೇ?

ಉತ್ತರ – ಶಿರಸಿ ಸೀಮೆಯ ಕೃಷಿಕ

ಮಾಡುವವರು ಕಡಿಮೆಯಾಗಿದ್ದಾರೆ, ಇಲ್ಲವಾಗಿಲ್ಲ. ಸಿಪ್ಪೆಗೆ ಬೆಲೆ ಬಂದಾಗಿನಿಂದ ಹಣ್ಣನ್ನು ಕಾಡಿನಲ್ಲೇ ಒಡೆದು, ಬೀಜವನ್ನು ಅಲ್ಲಿಯೇ ಎಸೆದು ಬರುವ ಅಭ್ಯಾಸವಾಯಿತು. ತುಪ್ಪ ಮರೆಯಾಗಲು ಅದೂ ಒಂದು ಕಾರಣ. ನಮ್ಮ ಬೆಟ್ಟದಲ್ಲಿ ಏಳು ಹೆಣ್ಣು ಮರಗಳಿವೆ. ಉಪ್ಪಾಗೆಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆಯಾದ್ದರಿಂದ, ಬೀಜದಿಂದ ಸಸಿ ಮಾಡಿದರೆ ಹಲವು ವರ್ಷ ಸಾಕಿದ ಮೇಲೆ ಅದು ಗಂಡೆಂದು ತಿಳಿದು ನಿರಾಶೆಯಾಗುವುದುಂಟು. ಹಾಗಾಗಿ ಈಚೆಗೆ ನಾನು ಹೆಣ್ಣು ಮರದ ಕುಡಿಯಿಂದ ಕಸಿ ಕಟ್ಟಿದ ನಾಲ್ಕು ಗಿಡಗಳನ್ನು ನೆಟ್ಟಿದ್ದೇನೆ. ಆಷಾಢ ಕಳೆದ ಮೇಲೆ ಈ ಕಡೆಗೆ ಬಂದರೆ ಒಂದು ಗಡಿಗೆ ತುಪ್ಪ ತೆಗೆದಿಟ್ಟಿರುತ್ತೇವೆ. ಅದು ತಣ್ಣಗಾದಾಗ ಮೇಣದಂತೆ ಗಟ್ಟಿಯಾಗುವುದರಿಂದ, ದೋಸೆ ಕಾವಲಿಯ ಮೇಲಿರುವಾಗಲೇ ಸವರಬೇಕೆಂಬುದನ್ನು ತಮ್ಮ ತಂಗಿಯವರಿಗೆ ನೆನಪಿಸಿರಿ.